ತೆಗೆದಿಟ್ಟ ಬಸ್ತಾ

ಹುನಗುಂದದ ನಮ್ಮ ಅತ್ತಿ ಮನ್ಯಾಗ ಅವತ್ತ ಇಡೀ ದಿನ ಕರೆಂಟ್ ಇರೂದಿಲ್ಲ ಅಂತ ಗೊತ್ತಾತು. ಲ್ಯಾಪ್‌ಟಾಪ್ ಬಗಲಾಗ ಹಿಡ್ಕೊಂಡು ಬಸ್ ಹತ್ತಿ ಇಳಕಲ್ಲಿಗೆ, ತವರಮನಿಗೆ ಬಂದೆ. ಮಧ್ಯಾಹ್ನ ಇಂಟರ್‌ವ್ಯೂ ಇತ್ತು.

ಬಾಗಲಕೋಟ್ಯಾಗ ನಾ ಇದ್ದ ಸಣ್ಣ ಕಂಪನಿ ಮುಚ್ಚಿದ ಮ್ಯಾಲ ಮನ್ಯಾಗ ಕೂತಿದ್ದೆ. "ಈಗೇನ್ ಆರಾಮ್ ಬಿಡವಾ ನಿಂದು" ಅಂತ ಬಂದೋರೆಲ್ಲಾ ಅನ್ನೋರು. ಆರಾಮಂತ, ಆರಾಮ! ಕೇಳಿ ಕೇಳಿ ಮೈ ಉರೀತಿತ್ತು. ಈಗ ಒಂದು ದೊಡ್ಡ ಟೆಕ್ ಕಂಪನ್ಯಾಗ ಪ್ರಾಡಕ್ಟ್ ಮ್ಯಾನೇಜರ್ ಕೆಲಸ, ಅದೂ ಮನಿಯಿಂದನ ಮಾಡೂದು. ಆ್ಯಪ್‌ನ್ಯಾಗ ಏನಿರಬೇಕು, ಏನಿರಬಾರದು ಅಂತ ಠರಾವ್ ಮಾಡೋ ಕೆಲಸ ಅದು. ಉಳಿದ ಸುತ್ತೆಲ್ಲಾ ದಾಟಿದ್ದೆ, ಇದು ಕಡೀದು. ನನಗ ಆ ಕೆಲಸ ಭಾಳ ಬೇಕಾಗಿತ್ತು.

ಪರದೆ ಮ್ಯಾಲ ಬಂದ ಮೇಡಂ ಮೈಸೂರು ಕಡಿಯವರು. ಮೊದಲ ಇಂಗ್ಲಿಷ್‌ನ್ಯಾಗ ಶುರು ಮಾಡಿದ್ರು. ಇಳಕಲ್ ಅಂದ ಕೂಡಲೇ ಮಾರಿ ಅರಳಿತು. "ಹಾಗಾದರೆ ಕನ್ನಡದಲ್ಲೇ ಮಾತಾಡೋಣ, ಆರಾಮಾಗಿ ಹೇಳಿ" ಅಂದ್ರು. ಪಾಪ, ಪ್ರೀತಿಲೇ ಅಂದ್ರು. ಆದ್ರ ನಾ ಕೂತ ಖೋಲಿಗೆ ಬಾಗಲಾ ಇಲ್ಲ, ಒಂದು ಹಳೇ ಸೀರಿ ಕಟ್ಟೇವಿ, ಅಷ್ಟ. ಅದರಾಚಿ ಪಡಸಾಲ್ಯಾಗ ನಮ್ಮಪ್ಪ ಶೇಂಗಾ ಸುಲೀತಿದ್ದ. ಅಪ್ಪಗ ಇಂಗ್ಲಿಷ್ ಬರೂದಿಲ್ಲ, ಕನ್ನಡ ಆದ್ರ ಒಂದೊಂದು ಮಾತೂ ತಿಳೀತದ.

"ನಮ್ಮ ಆ್ಯಪ್‌ನಲ್ಲಿ ಮದುವೆ ಸೀರೆಗಳನ್ನು ಆರಿಸಿ ಕಾರ್ಟ್‌ಗೆ ಹಾಕುತ್ತಾರೆ. ಕೊಳ್ಳದೆ ಹೋಗಿಬಿಡುತ್ತಾರೆ. ನೀವೇನು ಮಾಡುತ್ತೀರಿ?"

ರಿಯಾಯಿತಿ ಕೊಡಬೇಕು, ನೆನಪಿನ ಮೆಸೇಜ್ ಕಳಿಸಬೇಕು ಅಂತೆಲ್ಲಾ ಬಾಯಿಪಾಠ ಮಾಡಿದ್ದೆ. ಬಾಯಿ ತಗದ್ರ ಬ್ಯಾರೇನ ಬಂತು.

"ಅವರು ಹೋಗಿಲ್ರಿ ಮೇಡಂ, ತೆಗೆದಿಟ್ಟಾರ. ನಮ್ಮ ಕಡೆ ಲಗ್ನದ ಅರಿಬಿ ತಗೊಳ್ಳೂದಕ್ಕ ಬಸ್ತಾ ಅಂತೇವಿ. ಮೊದಲ ಹೆಣ್ಮಕ್ಕಳು ಬಂದು ಆರಿಸ್ತಾರ. 'ತೆಗೆದಿಡ್ರಿ, ಹಿರಿಯಾರನ್ನ ಕರ್ಕೊಂಡು ಬರ್ತೇವಿ' ಅಂತ ಹೇಳಿ ಹೋಗ್ತಾರ. ನಮ್ಮಪ್ಪ ಸೀರಿ ಅಂಗಡಿ ಇಟ್ಟಿದ್ದ. ಆ ಸೀರಿ ಗಂಟು ಕಟ್ಟಿ ಗ್ವಾಡ್ಯಾಗಿನ ಮಾಡದಾಗ ಇಡ್ತಿದ್ದ. ಯಾವಾಗ ಬರ್ತೀರಿ ಅಂತ ಒಂದು ಮಾತು ಕೇಳ್ತಿರಲಿಲ್ಲ. ಕೇಳಿದ್ರ ಅವರ ಮಾತಿನ ಮ್ಯಾಲ ನಂಬಿಗಿ ಇಲ್ಲ ಅಂದಂಗ."

ಮೇಡಂ ಮುಂದಕ್ಕ ಬಾಗಿದ್ರು. "ತುಂಬಾ ಚೆನ್ನಾಗಿದೆ. ಆ ರೀತಿಯಿಂದ ಅಂಗಡಿಗೆ ಒಳ್ಳೆಯದಾಯಿತೇ? ಈಗ ಹೇಗೆ ನಡೀತಿದೆ?"

ಅಂಗಡಿ ಮುಚ್ಚಿ ವರ್ಷಗಳಾಗಿದ್ವು. ಮುಚ್ಚೇತಿ ಅನ್ನೋ ಶಬ್ದಾನ ನಮ್ಮ ಮನ್ಯಾಗ ಯಾರೂ ಅಪ್ಪನ ಎದುರಿಗೆ ಅಂದಿಲ್ಲ. ಅವ್ವ ಸುದ್ಧಾ "ಅಂಗಡಿ ಬಿಟ್ಟ ಮ್ಯಾಲ" ಅಂತಾಳ. ಪಡಸಾಲ್ಯಾಗ ಶೇಂಗಾ ಸುಲಿಯೋ ಸಪ್ಪಳ ನಿಂತಿತು. ಮೇಡಂ ಕಾಯ್ತಿದ್ರು. ಸುಳ್ಳು ಹೇಳಲಿ ಅಂದ್ರ ಬಾಯಿ ಬರವಲ್ದು, ಖರೆ ಹೇಳಲಿ ಅಂದ್ರ ಅಪ್ಪ ಅಲ್ಲೇ ಕೂತಾನ. ಹೋತು ಕೆಲಸ ಅನ್ಕೊಂಡೆ.

ಸೀರಿ ಆಚಿಂದ ಅಪ್ಪನ ದನಿ ಬಂತು.

"ಮುಚ್ಚೇತಿ ಅಂತ ಹೇಳವಾ. ನನ್ನ ಮಾರಿ ನೋಡಬ್ಯಾಡ."

ಹೇಳಿದೆ. ಒಮ್ಮೆ ಹೇಳಿದ ಮ್ಯಾಲ ನಿಲ್ಲಲಿಲ್ಲ ನಾನು. ಗುಡೂರಿನವರು ಒಂದು ಬಸ್ತಾದ ಸೀರಿ ತೆಗೆದಿಡಿಸಿ ಹೋಗಿ, ಬ್ಯಾರೆ ಕಡೆ ತಗೊಂಡು, ಲಗ್ನಾನೂ ಮುಗಿಸಿದ್ರು. ನಮ್ಮ ಅಂಗಡ್ಯಾಗ ಗಂಟು ಹಂಗ ಇತ್ತು. ಅದೇ ಸೀರಿ ಬೇಕಂತ ಬಂದ ಗಿರಾಕಿಗೆ ಅಪ್ಪ ಇಲ್ಲ ಅಂದು ಕಳಿಸಿದ್ದ. ಹಿಂತಾವು ಎಷ್ಟೋ. "ತೆಗೆದಿಡೂದು ತಪ್ಪಲ್ರಿ. ಎಲ್ಲೀತನಕ ಅಂತ ಮೊದಲ ಮಾತಾಡಿಕೊಳ್ಳದ ಇದ್ದದ್ದು ತಪ್ಪು. ಆ್ಯಪ್‌ನ್ಯಾಗ ನಾ ಅದನ್ನ ಇಡ್ತೇನಿ. ಆರಿಸಿದ ಸೀರಿ ಹಿರಿಯಾರಿಗೆ ತೋರಸಾಕ ಬರಬೇಕು, ಯಾವತ್ತಿನ ತನಕ ಇಡಲಿ ಅಂತ ಅವರ್ನ ಕೇಳಬೇಕು, ಅವತ್ತ ಒಂದೇ ಒಂದು ಸಲ ನೆನಪು ಮಾಡಬೇಕು. ಆಮ್ಯಾಲ ಗಂಟು ಬಿಚ್ಚಬೇಕು." ಅಪ್ಪ ಕೇಳಾಕತ್ತಾನ ಅಂತ ಗೊತ್ತಿದ್ದೂ ಹೇಳಿದೆ. ಕಣ್ಣಾಗ ನೀರು ಬಂದಿದ್ವು, ಒರಸ್ಕೊಂಡು ಹೇಳಿದೆ.

ಮುಗಿಸಿ ಹೊರಗ ಬಂದ್ರ ಅಪ್ಪ ಮತ್ತ ಶೇಂಗಾ ಸುಲೀತಿದ್ದ. ಬೈತಾನ ಅನ್ಕೊಂಡೆ. "ಛಾ ಕುಡೀತಿ ಏನು?" ಅಂದ, ಅಷ್ಟ.

ಮುಂದಿನ ವಾರ ಫೋನ್ ಬಂತು, ಕೆಲಸ ಸಿಕ್ಕಿತು. ಖುಷಿಗೆ ಹುನಗುಂದದಿಂದ ಪೇಢೆ ತಗೊಂಡು ಓಡಿಬಂದೆ. ಅಪ್ಪ ಒಂದು ಬಾಯಾಗ ಹಾಕ್ಕೊಂಡ. ನಿಧಾನಕ್ಕ ತಿಂದ. ಆಮ್ಯಾಲ ಕೇಳಿದ:

"ಅವತ್ತ ಆ ಮೇಡಂಗ ಹೇಳಿದ್ಯಲ್ಲ, ಅದನ್ನ ಅಂಗಡಿ ಇದ್ದಾಗ ನನಗ ಯಾಕ ಹೇಳಲಿಲ್ಲ?"

ನನಗ ಸಿಟ್ಟು ನೆತ್ತಿಗೇರಿತು. "ಎಂದರ ಒಂದಿನ ನನ್ನ ಕೇಳಿದ್ದೆ ಏನಪ್ಪಾ ನೀ?"

ಅಪ್ಪ ಪೇಢೆ ಡಬ್ಬಿ ಮುಚ್ಚಿಟ್ಟ. "ಇಲ್ಲ," ಅಂದ. "ನಿನಗ ತಿಳೀತದ ಅಂತ ನನಗ ಗೊತ್ತಿರಲಿಲ್ಲ."