ಕಣ್ಣ ಕೆಳಗಿನ ಸುಳಿ

ಕುದುರೆಯ ಚಿತ್ರ ಬರೆಯುವುದರಲ್ಲಿ ಗೋಕಾಕ, ಮೂಡಲಗಿ, ಹುಕ್ಕೇರಿ ಮೂರೂ ತಾಲ್ಲೂಕಿನಲ್ಲಿ ನನಗೆ ಸರಿಸಮ ಯಾರೂ ಇಲ್ಲ. ಜಂಬ ಅಂದರೆ ಜಂಬ. ಫ್ಲೆಕ್ಸ್ ಬಂದು ಬೋರ್ಡ್ ಬರೆಯುವ ಕೆಲಸ ನಿಂತ ಮೇಲೆ ನನ್ನ ಕೈ ಹಿಡಿದದ್ದು ಶರ್ಯತ್ತಿನ, ಅಂದರೆ ಗಾಡಿ ಓಟದ ಪಂದ್ಯದ, ಕುದುರೆಗಳೇ. ಎಲ್ಲರೂ ಕಣ್ಣಿನಿಂದ ಶುರು ಮಾಡುತ್ತಾರೆ. ನಾನು ಮೂಗಿನ ಹೊಳ್ಳೆಯಿಂದ. ಹೊಳ್ಳೆಯಲ್ಲಿ ಉಸಿರು ಕಾಣದಿದ್ದರೆ ಕಣ್ಣು ಎಷ್ಟು ಹೊಳೆದರೂ ಅದು ಗೊಂಬೆ. ಕಂದು ಕುದುರೆಯ ಬೆನ್ನಿಗೆ ತುಸು ನೀಲಿ ಬೇಕು, ಅಲ್ಲಿ ಆಕಾಶ ಬಿದ್ದಿರುತ್ತದೆ.

ಮಸಗುಪ್ಪಿಯಿಂದ ಒಬ್ಬ ಹೆಣ್ಣುಮಗಳು ಕರೆಸಿದ್ದಳು. ಗಂಡ ಕಾಯಿಲೆ ಬಿದ್ದು ತೀರಿಕೊಂಡು ವರ್ಷವಾಗಿರಲಿಲ್ಲ. ಅವನು ಆಸೆಪಟ್ಟು ತಂದಿದ್ದ ಕುದುರೆಯ ಎಡಗಣ್ಣಿನ ಕೆಳಗೆ, ಕಣ್ಣೀರು ಇಳಿಯುವ ಜಾಗದಲ್ಲಿ, ಕೂದಲಿನ ಒಂದು ಸುಳಿ. ಅಂಥ ಸುಳಿ ಮನೆಗೆ ಆಗಿಬರುವುದಿಲ್ಲ ಎಂದು ನಮ್ಮ ಕಡೆ ನಂಬುತ್ತಾರೆ. ಮನೆಯವರೆಲ್ಲ ಸಾವನ್ನು ಆ ಸುಳಿಯ ತಲೆಗೆ ಕಟ್ಟಿ, ಅಂಕಲಗಿಯ ಒಬ್ಬ ಗಿರಾಕಿಗೆ ಕುದುರೆ ಮಾರುವ ಮಾತಾಡಿದ್ದರು. ಆಕೆ ಜಗಳಾಡಿ ಸಾಕಾಗಿ ಒಪ್ಪಿದ್ದಳು. ಗೋಡೆಯ ಮೇಲೆ ಚಿತ್ರವಾದರೂ ಇರಲಿ ಎಂದು ನನ್ನನ್ನು ಕರೆಸಿದ್ದಳು.

ಬೇವಿನ ನೆರಳಿನಲ್ಲಿ ಕುದುರೆ ಕಟ್ಟಿಸಿ, ಗೋಡೆಗೆ ತೂಗುಹಾಕುವಂಥ ಹಲಗೆಯ ಮೇಲೆ ಬರೆಯುತ್ತಿದ್ದೆ. ಆಕೆಯ ಮೈದುನ ಬಂದು ಹಿಂದೆ ನಿಂತ.

"ಎಲ್ಲಾ ಬರೀರಿ, ಆ ಸುಳಿ ಒಂದ ಬಿಡ್ರಿ. ಪೀಡಾ ಹೊರಗ ಕಳಸಾಕತ್ತೇವಿ, ನೀವು ಮತ್ತ ಅದನ್ನ ಗ್ವಾಡಿ ಮ್ಯಾಲ ಕೂಡಸ್ತೀರಿ."

ನನಗೆ ಪಿತ್ತ ನೆತ್ತಿಗೇರಿತು. "ಸುಳಿ ಬಿಟ್ರ ಅದು ಬ್ಯಾರೆ ಕುದುರಿ ಆಕ್ಕೈತ್ರಿ. ಬ್ಯಾರೇದ ಬೇಕಂದ್ರ ಬ್ಯಾರೆ ಪೇಂಟರ್‌ನ ನೋಡ್ಕೋರಿ," ಎಂದವನೇ ಸಣ್ಣ ಬ್ರಶ್ ತೆಗೆದುಕೊಂಡು, ಅವನ ಕಣ್ಣೆದುರೇ ಸುಳಿಯ ಒಂದೊಂದು ಕೂದಲನ್ನೂ ಬರೆದೆ. ಈಗ ನೆನೆದರೂ ನನ್ನ ಕೈಯನ್ನು ನಾನೇ ಮೆಚ್ಚಿಕೊಳ್ಳುತ್ತೇನೆ.

ಅಷ್ಟರಲ್ಲಿ ಆಕೆ ಚಹಾ ತಂದಳು. ಕಪ್ಪು ಕೆಳಗಿಟ್ಟು ಚಿತ್ರ ನೋಡುತ್ತ ನಿಂತವಳು, ನಾನು ತಡೆಯುವ ಮೊದಲೇ ಬೆರಳು ಚಾಚಿ ಆ ಸುಳಿಯನ್ನು ಸವರಿಬಿಟ್ಟಳು.

"ಹಸಿ ಐತ್ರಿ ಅಕ್ಕಾರ!" ಎಂದು ಕೂಗಿಕೊಂಡೆ. ಸುಳಿ ಕಲಸಿಹೋಗಿತ್ತು. ಆಕೆಯ ಬೆರಳಿಗೆ ಬಣ್ಣ ಹತ್ತಿತ್ತು.

"ನಮ್ಮವರು ದಿನಾ ಮುಂಜಾನಿ ಮೇವು ಹಾಕೂಮುಂದ ಇಲ್ಲೇ ಕೈ ಆಡಸ್ತಿದ್ರು," ಅಂದಳು. ಆಮೇಲೆ ಕುದುರೆಯ ಹತ್ತಿರ ಹೋಗಿ ಅದರ ಕಣ್ಣಿನ ಕೆಳಗೆ ಅದೇ ಬೆರಳಿಟ್ಟಳು. ಕುದುರೆ ತಲೆ ತಗ್ಗಿಸಿತು. ಆಕೆ ಅತ್ತೇಬಿಟ್ಟಳು.

ಸೆರಗಿನಿಂದ ಮುಖ ಒರೆಸಿಕೊಂಡು ಮೈದುನನ ಕಡೆ ತಿರುಗಿದಳು.

"ಅಂಕಲಗಿಯವ್ರು ಬಂದ್ರ ಆ ಚಿತ್ರಾ ಕೊಟ್ಟ ಕಳಸು. ಕುದುರಿ ಕೊಡಂಗಿಲ್ಲ."