ಹುಲ್ಲುಗಾವಲಿನ ಗುತ್ತಿಗೆ ಪತ್ರ

ಸುಜನ್‌ಗೆ ಇತಿಹಾಸದಿಂದ ಬಂದ ಮೊದಲ ಸಂಪಾದನೆ ಒಂದು ಕಪಾಳಮೋಕ್ಷ. ಮುಂಬೈ ಹೊರವಲಯದ ಡೊಂಬಿವಲಿ ಪೂರ್ವದಲ್ಲಿ ಸಣ್ಣದೊಂದು ಉಡುಪಿ ಹೋಟೆಲು ನಡೆಸುವ ಅಪ್ಪ ಜಯಶೀಲ ಶೆಟ್ಟರು, ಮಗ ಬಿ.ಕಾಂ. ಬಿಟ್ಟು ಬಿ.ಎ. ಇತಿಹಾಸಕ್ಕೆ ಸೇರಿ ಬಂದನೆಂದು ತಿಳಿದ ಕೂಡಲೇ ಗಲ್ಲಾದಿಂದ ಎದ್ದು ಬಂದು ಗಿರಾಕಿಗಳೆದುರೇ ಬಾರಿಸಿದ್ದರು. ಎರಡು ದಿನ ಕಿವಿಯೊಳಗೆ ಗುಂಯ್ ಎನ್ನುತ್ತಿತ್ತು. ಇಡ್ಲಿ ತಿನ್ನುತ್ತಿದ್ದವರು ಒಮ್ಮೆ ತಲೆಯೆತ್ತಿ ನೋಡಿ ಮತ್ತೆ ಸಾಂಬಾರಿಗೆ ಮರಳಿದರು. ದಿನಾ ಬೆಳಿಗ್ಗೆ ಲೋಕಲ್ ರೈಲಿನ ಬಾಗಿಲಿಗೆ ನೇತುಬಿದ್ದು ಮೊಣಕೈ ತಿವಿತ ತಿನ್ನುವ ಜನಕ್ಕೆ ಒಂದು ಏಟು ಯಾವ ಲೆಕ್ಕ.

ಆದರೂ ಹುಡುಗ ಹಟ ಬಿಡದೆ ಎಂ.ಎ. ಮುಗಿಸಿದ. ಮುಗಿಸಿ ಸಿಕ್ಕಿದ್ದೇನು? ಸೀವುಡ್ಸ್‌ನ ಕೋಚಿಂಗ್ ಕ್ಲಾಸೊಂದರಲ್ಲಿ ತಿಂಗಳಿಗೆ ಒಂಬತ್ತು ಸಾವಿರ. ಅದೂ ಮೂರು ತಿಂಗಳು ಬರಲಿಲ್ಲ. ಕೇಳಲು ಹೋದವನನ್ನು ಮಾಲೀಕ ಕಾಲರ್ ಹಿಡಿದು ಮೆಟ್ಟಿಲಿಂದ ಕೆಳಗೆ ತಳ್ಳಿದ. ಮುಂದಿನ ಹಲ್ಲು ಅರ್ಧ ಮುರಿಯಿತು. ಅದೇ ವರ್ಷ ದೊಡ್ಡಪ್ಪನ ಮಗ ಸಮಿತ್ ಥಾಣೆಯಲ್ಲಿ ಎರಡು ಬೆಡ್‌ರೂಮಿನ ಫ್ಲ್ಯಾಟು ಕೊಂಡ. ಗೃಹಪ್ರವೇಶದಲ್ಲಿ ಶೆಟ್ಟರು ಹತ್ತು ಜನರ ನಡುವೆ ಮಗನನ್ನು ಕರೆದು, ಬಾಯಿ ತೆರೆದು ಹಲ್ಲು ತೋರಿಸು, ನಿನ್ನ ಡಿಗ್ರಿಯ ಬೆಲೆ ಎಲ್ಲರೂ ನೋಡಲಿ ಎಂದರು. ಜನ ನಕ್ಕರು. ಅಲ್ಲೇ ಇದ್ದ ನನಗೆ ಆ ನಗು ನೆನೆದರೆ ಈಗಲೂ ಮೈ ಉರಿಯುತ್ತದೆ.

ಅವನ ಕೈ ಹಿಡಿದದ್ದು ಮೋಡಿ. ಹಿಂದಿನವರು ಮರಾಠಿ ದಫ್ತರಗಳನ್ನು ಬರೆಯುತ್ತಿದ್ದ ಈ ಸುರುಳಿ ಸುರುಳಿ ಲಿಪಿಯನ್ನು ಈಗ ಮರಾಠಿಗರಲ್ಲೇ ಓದಬಲ್ಲವರು ಕಡಿಮೆ. ಎಂ.ಎ. ಓದುವಾಗ ಕಲಿತಿದ್ದ ಸುಜನ್, ಕೋರ್ಟಿಗೆ, ಕಚೇರಿಗೆ, ಜಮೀನಿನ ಜಗಳಕ್ಕೆ ಬಿದ್ದವರಿಗೆ ಹಳೆಯ ಕಾಗದ ಓದಿ ದೇವನಾಗರಿಯಲ್ಲಿ ಬರೆದುಕೊಡತೊಡಗಿದ. ಪುಟಕ್ಕೆ ಇನ್ನೂರು, ಕೆಲವೊಮ್ಮೆ ಐನೂರು. ಪ್ರತಿ ಪುಟದ ಕೆಳಗೆ ‘ಇದ್ದಂತೆ ಓದಲಾಗಿದೆ’ ಎಂದು ಬರೆದು ಸಹಿ ಹಾಕುವುದು ಈ ಕಸುಬಿನ ಪದ್ಧತಿ. ಮೂವತ್ತಮೂರನೆಯ ವಯಸ್ಸಿಗೆ ಅವನು ಯಾರ ಮುಂದೆಯೂ ಕೈಚಾಚದೆ ಬದುಕುತ್ತಿದ್ದ. ಆ ಸಹಿಯ ಮೇಲೆ ಅವನಿಗೆ ವಿಪರೀತ ಹೆಮ್ಮೆಯಿತ್ತು.

ಹೀಗಿರುವಾಗ ಬಾಳಾರಾಮ ಮ್ಹಾತ್ರೆ ಎಂಬ ಮುದುಕನ ಜಮೀನಿನ ಕಾಗದ ಬಂತು. ಕಲ್ಯಾಣ-ಶೀಳ್ ರಸ್ತೆಯ ಬದಿಗೆ ಅವನದು ನಾಲ್ಕು ಎಕರೆ. ಅವನ ಮುತ್ತಜ್ಜ ಅದನ್ನು ಒಬ್ಬ ವರ್ತಕನಿಗೆ ಮಾರಿದ್ದನೆಂದೂ, ಆ ವರ್ತಕನ ವಂಶದವರಿಂದ ತಾವು ಕೊಂಡಿದ್ದೇವೆಂದೂ ಒಂದು ಬಿಲ್ಡರ್ ಕಂಪನಿಯ ವಾದ. ಇಬ್ಬರೂ ತೋರಿಸುತ್ತಿದ್ದುದು ಒಂದೇ ಮೋಡಿ ಪತ್ರ. ತಹಸೀಲ್ದಾರ್ ಕಚೇರಿ ಅದನ್ನು ಓದಲು ಸುಜನ್‌ನನ್ನು ನೇಮಿಸಿತು. ಅವನು ಓದಿದ. ಮಾರಾಟ ಅಲ್ಲವೇ ಅಲ್ಲ. ಮುಂಬೈಯ ಟ್ರಾಮ್ ಎಳೆಯುವ ಕುದುರೆಗಳಿಗೆ ಹುಲ್ಲು ಕೊಯ್ಯಲು ಹನ್ನೆರಡು ವರ್ಷದ ಗುತ್ತಿಗೆ, ಆಮೇಲೆ ಭೂಮಿ ಮ್ಹಾತ್ರೆಗಳಿಗೆ ವಾಪಸು. ಗುರುವಾರ ಕಚೇರಿಗೆ ಹೋಗಿ ಹೇಳಿಕೆ ಕೊಡುವುದಷ್ಟೇ ಬಾಕಿಯಿತ್ತು.

ಅವನು ಮಾಡಿದ ತಪ್ಪೆಂದರೆ, ಮಧ್ಯಾಹ್ನ ಹೋಟೆಲಿನಲ್ಲಿ ಊಟಕ್ಕೆ ಕೂತಾಗ ಖುಷಿಯಲ್ಲಿ ಇದನ್ನೆಲ್ಲ ತುಳುವಿನಲ್ಲಿ ಅಪ್ಪನಿಗೆ ಹೇಳಿದ್ದು. ಮುಂಬೈ ಕಡೆಯ ನಮ್ಮ ಹೋಟೆಲಿನವರಿಗೆ ತುಳುವಿನಲ್ಲಿ ಆಡಿದ್ದು ಮನೆಯೊಳಗೇ ಉಳಿಯುತ್ತದೆ ಎಂಬ ಭಾರೀ ಭ್ರಮೆ. ಹೋಟೆಲಿದ್ದ ಹಳೆಯ ಕಟ್ಟಡವನ್ನು ಕೆಡವಿ ಕಟ್ಟಲು ಹೊರಟಿದ್ದುದೂ ಅದೇ ಕಂಪನಿ. ಹೊಸ ಕಟ್ಟಡದಲ್ಲಿ ಮೂಲೆಯ ಅಂಗಡಿ ಕೊಡಿಸುತ್ತೇನೆಂದು ಶೆಟ್ಟರಿಗೆ ಕಂಪನಿಯ ಏಜೆಂಟ್ ಮನೀಶ ಮಾತು ಕೊಟ್ಟಿದ್ದ. ಸಂಜೆಯೊಳಗೆ ಮಗ ಓದಿದ್ದು ಶೆಟ್ಟರ ಬಾಯಿಂದಲೇ ಮನೀಶನ ಕಿವಿ ಮುಟ್ಟಿತು.

ಮಂಗಳವಾರ ಮಧ್ಯಾಹ್ನ ಮೂರೂವರೆ. ಊಟದ ಗಿರಾಕಿಗಳು ಹೋಗಿ, ಕೆಲಸದವರು ಅಟ್ಟದ ಮೇಲೆ ಮಲಗಿ, ಸಂಜೆಯ ದೋಸೆಗೆ ಕಾವಲಿ ಕಾಯುತ್ತಿದ್ದ ಹೊತ್ತು. ಮನೀಶ ಇಬ್ಬರನ್ನು ಕರೆದುಕೊಂಡು ಬಂದ. ಟೈಪ್ ಮಾಡಿದ ಹಾಳೆಯನ್ನು ಸುಜನ್ ಕೂತಿದ್ದ ಮೇಜಿನ ಮೇಲಿಟ್ಟ. ಅದರಲ್ಲಿ ಗುತ್ತಿಗೆಯ ಜಾಗದಲ್ಲಿ ಮಾರಾಟವಿತ್ತು. ಸಹಿ ಹಾಕಿದರೆ ಹದಿನೈದು ಲಕ್ಷ ಎಂದ. ಎಂ.ಎ. ಇತಿಹಾಸಕ್ಕೆ ಅಷ್ಟು ಬೆಲೆ ಕಟ್ಟಿದವರು ಅದಕ್ಕೆ ಮುಂಚೆ ಯಾರೂ ಇರಲಿಲ್ಲ.

ಸುಜನ್ ಹಾಳೆಯನ್ನು ಪಕ್ಕಕ್ಕೆ ಸರಿಸಿದ. ಶೆಟ್ಟರು ಗಲ್ಲಾದಲ್ಲೇ ಕೂತು ಹೇಳಿದರು: "ಒಂದು ಸೈನ್ ಅಲ್ವನಾ? ಹಾಕಿ ಬಿಡು ಮಾರಾಯ. ನೂರಿಪ್ಪತ್ತು ವರ್ಷದ ಹಿಂದಿನ ಕಾಗದ, ಸತ್ತವರು ಎದ್ದು ಬರುದಿಲ್ಲ."

"ಬಾಳಾರಾಮ ಸತ್ತಿಲ್ಲ ಪಪ್ಪಾ."

ಮಾತು ಮುಗಿಯುವ ಮೊದಲೇ ಒಬ್ಬ ಅವನ ಜುಟ್ಟು ಹಿಡಿದು ಮುಖವನ್ನು ಮೇಜಿಗೆ ಚಚ್ಚಿದ. ಮೂಗು ಮುರಿದ ಸದ್ದು ಅವನಿಗೇ ಕೇಳಿಸಿತು. ನೆಲಕ್ಕೆ ಬಿದ್ದವನ ಪಕ್ಕೆಗೆ ಬೂಟಿನಿಂದ ಒದ್ದರು, ಒಂದಲ್ಲ, ಎರಡಲ್ಲ. ರಕ್ತ ತುಂಬಿದ ಕಣ್ಣಿನಲ್ಲೇ ಅಪ್ಪ ಎದ್ದು ಬಾಗಿಲ ಕಡೆ ಹೋಗುವುದು ಕಂಡಿತು. ಬೀದಿಯ ಜನರನ್ನು ಕರೆಯುತ್ತಾರೆ ಎಂದುಕೊಂಡ, ಪಾಪ. ಶೆಟ್ಟರು ಅರ್ಧ ಇಳಿದಿದ್ದ ಶಟರನ್ನು ನೆಲದವರೆಗೆ ಎಳೆದು, ಮತ್ತೆ ತಮ್ಮ ಕುರ್ಚಿಗೆ ಬಂದು ಗೋಡೆಯ ಕಡೆ ಮುಖ ಮಾಡಿ ಕೂತರು.

ಅವನನ್ನು ಅಡುಗೆಮನೆಗೆ ಎಳೆದೊಯ್ದರು. ಕೊನೆಯ ಸಲ ಕೇಳುತ್ತಿದ್ದೇನೆ ಎಂದ ಮನೀಶ. ಸುಜನ್ ಬಾಯಿಗೆ ಬಂದ ರಕ್ತವನ್ನು ಅವನ ಅಂಗಿಯ ಮೇಲೆ ಉಗುಳಿದ. ಬರೆಯುವ ಬಲಗೈಯನ್ನು ಕಾವಲಿಯ ಮೇಲೆ ಒತ್ತಿ ಹಿಡಿದರು. ಚರ್ಮ ಚುರ್ರೆಂದಿತು. ಅವನ ಕೂಗಿಗೆ ಅಟ್ಟದವರೆಲ್ಲ ಎಚ್ಚೆತ್ತರು, ಕೆಳಗಿಳಿಯುವ ಧೈರ್ಯ ಯಾರಿಗೂ ಬರಲಿಲ್ಲ. ಕೈ ಬಿಟ್ಟಾಗ ಅಂಗೈಯ ತೊಗಲು ಕಾವಲಿಗೇ ಅಂಟಿಕೊಂಡಿತ್ತು. ಸಹಿ ಹಾಕುವವನ ಕೈಯನ್ನೇ ಸುಟ್ಟ ಮೇಲೆ ಸಹಿ ಯಾರು ಹಾಕಬೇಕೆಂದು ಆ ಮುಠ್ಠಾಳರಿಗೆ ಆಮೇಲೆ ಹೊಳೆಯಿತು.

ಆಸ್ಪತ್ರೆಯಲ್ಲಿ ಶೆಟ್ಟರು ಕಾದ ಎಣ್ಣೆ ಚೆಲ್ಲಿತೆಂದು ಬರೆಸಿದರು. ಸುಜನ್‌ನ ತಾಯಿ ಜಯಲತಾ ಗಂಡನ ಮುಖವನ್ನೊಮ್ಮೆ ನೋಡಿ, ಚಪ್ಪಲಿ ಕಳಚಿ ಕೈಗೆತ್ತಿಕೊಂಡರು. ನರ್ಸು ನಡುವೆ ಬರದಿದ್ದರೆ ಅಲ್ಲೇ ಹೊಡೆದುಬಿಡುತ್ತಿದ್ದರು. ಸುಜನ್ ಕೈಯ ಉರಿಯನ್ನು ಹಲ್ಲುಕಚ್ಚಿ ತಡೆದ. ಶಟರ್ ಇಳಿದ ಸದ್ದನ್ನು ತಡೆಯುವುದು ಅವನಿಂದ ಆಗಲಿಲ್ಲ; ಅದು ಕಿವಿಯಲ್ಲಿ ಕೇಳಿದಾಗೆಲ್ಲ ಅಪ್ಪನನ್ನು ಕೊಂದುಬಿಡಬೇಕು ಅನ್ನಿಸುತ್ತಿತ್ತು.

ಗುರುವಾರ ಅವನು ತಾಯಿಯ ಜೊತೆ ರಿಕ್ಷಾ ಹಿಡಿದು ಕಲ್ಯಾಣಕ್ಕೆ ಹೋದ. ಕಚೇರಿಯಲ್ಲಿ ಬಾಳಾರಾಮ ಟೋಪಿ ತೆಗೆದು ಎದ್ದು ನಿಂತ. ಎದುರು ಸಾಲಿನಲ್ಲಿ ಮನೀಶ, ಅವನ ಪಕ್ಕಕ್ಕೆ ಶೆಟ್ಟರು. ಅಡುಗೆಮನೆಯ ಅಪಘಾತದಿಂದ ಮಗನ ತಲೆ ಕೆಟ್ಟಿದೆ, ಅವನ ಮಾತು ನಂಬಬೇಡಿ ಎಂದು ಹೇಳಿಸಲು ಮನೀಶ ಅವರನ್ನು ಕರೆತಂದಿದ್ದ.

ಸುಜನ್ ಪತ್ರವನ್ನು ಮೊದಲಿನಿಂದ ಕೊನೆಯವರೆಗೆ ಓದಿದ. ಮುರಿದ ಮೂಗಿನಿಂದಾಗಿ ದನಿ ಕಟ್ಟಿತ್ತು, ಎಲ್ಲೂ ತಡವರಿಸಲಿಲ್ಲ. ಗುಮಾಸ್ತ ಬರೆದುಕೊಂಡು ಸಹಿಗೆ ಹಾಳೆ ಮುಂದಿಟ್ಟ. ಬಲಗೈ ಮೊಣಕೈವರೆಗೂ ಬ್ಯಾಂಡೇಜು. ಎಡಗೈಯ ಹೆಬ್ಬೆಟ್ಟು ಒತ್ತುತ್ತೇನೆ ಎಂದ ಸುಜನ್. ಓದುಬರಹ ಬಲ್ಲವರು ಹೆಬ್ಬೆಟ್ಟು ಒತ್ತಿದರೆ ಕಾರಣ ಬರೆಯಬೇಕು ಎಂದ ಗುಮಾಸ್ತ. ಕೈಗೆ ಏನಾಯಿತು ಎಂದು ಕೇಳಿದ.

ಸುಜನ್ ಬಾಯಿ ತೆರೆಯುವ ಮೊದಲು ಮನೀಶ ಪಕ್ಕದಲ್ಲಿದ್ದ ಶೆಟ್ಟರ ಮೊಣಕೈ ತಿವಿದ. ಶೆಟ್ಟರು ಎದ್ದರು. ನಲವತ್ತು ವರ್ಷ ಗಿರಾಕಿಗಳೊಂದಿಗೆ ಆಡಿದ ತಮ್ಮ ಹರುಕು ಮರಾಠಿಯಲ್ಲಿ, ನಾನು ಇವನ ಅಪ್ಪ, ಬರೆದುಕೊಳ್ಳಿ ಎಂದರು. ಆಮೇಲೆ ಮಗನ ಬ್ಯಾಂಡೇಜಿನ ಕಡೆ ನೋಡಿದರು. ಮನೀಶ ಮತ್ತೆ ತಿವಿದ.

"ಇವನೇ ಸುಟ್ಟದ್ದು," ಎಂದರು ಮನೀಶನತ್ತ ಬೆರಳು ತೋರಿಸಿ. "ದೋಸೆ ಕಾವಲಿಯಲ್ಲಿ. ಯಾರೂ ನೋಡಬಾರದೆಂದು ಶಟರ್ ಎಳೆದದ್ದು ನಾನು. ಅದನ್ನೂ ಬರೆಯಿರಿ."

ಗುಮಾಸ್ತ ತಹಸೀಲ್ದಾರರ ಮುಖ ನೋಡಿ, ತಲೆ ತಗ್ಗಿಸಿ ಬರೆದ. ಸುಜನ್ ಅಪ್ಪನ ಕಡೆ ನೋಡಲಿಲ್ಲ. ಹಾಳೆಯನ್ನು ಎಡಗೈಯಿಂದ ತನ್ನತ್ತ ಎಳೆದುಕೊಂಡು ಆ ಎರಡು ಸಾಲುಗಳನ್ನು ನಿಧಾನವಾಗಿ ಓದಿದ. ಎಲ್ಲೂ ತಪ್ಪಿರಲಿಲ್ಲ. ಕೆಳಗೆ ಹೆಬ್ಬೆಟ್ಟು ಒತ್ತಿದ.