ಮೂಲ ಮೇಡಂ ಮತ್ತು ಹಿಂದಿನ ಗೇಟು

ಇಪ್ಪತ್ತೆರಡು ವರ್ಷದಿಂದ ಏಳನೇ ಕ್ಲಾಸಿಗೆ ಸಮಾಜ ಪಾಠ ಮಾಡುತ್ತಿದ್ದ ಆ ಮೇಡಂಗೆ ಅಪ್ಪ ಅಮ್ಮ ಇಟ್ಟ ಒಳ್ಳೆಯ ಹೆಸರೇ ಇತ್ತು. ಆದರೆ ಶಾಲೆಯಲ್ಲಿ ಯಾರ ಬಾಯಲ್ಲೂ ಅದು ನಿಲ್ಲಲಿಲ್ಲ. ಮಕ್ಕಳು ಏನು ಬರೆದು ತಂದರೂ ಆಕೆಯ ಮೊದಲ ಮಾತು ಒಂದೇ: "ಇದರ ಮೂಲ ಯಾವುದು?" ಹಾಗಾಗಿ ಮೂಲ ಮೇಡಂ. ಸ್ಟಾಫ್ ರೂಮಿನಲ್ಲಿ ಗಣಿತದ ಮೇಷ್ಟ್ರು ಒಮ್ಮೆ, "ಮೇಡಂ, ನಿಮ್ಮ ಮೂಲಕ್ಕೆ ಏನಾದ್ರೂ ಔಷಧಿ ತಗೊಳ್ತಿದ್ದೀರಾ?" ಅಂತ ಕೇಳಿದಾಗ ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಮೇಡಂ ನಗಲಿಲ್ಲ. ಅವರಿಗೆ ಮೂಗಿನ ತುದಿಯಲ್ಲೇ ಕೋಪ. ಮನೆಯಲ್ಲಿ ಯಜಮಾನರು, ಗಡಿಯಾರ ರಿಪೇರಿ ಮಾಡುವವರು, "ನಾಳೆ ಬಿಸಿಲು ಜಾಸ್ತಿಯಂತೆ" ಅಂದರೂ ಸಾಕು, "ಯಾರು ಹೇಳಿದ್ದು?" ಅಂತ ಪ್ರಶ್ನೆ ಬೀಳುತ್ತಿತ್ತು. "ಪಕ್ಕದ ಮನೆ ಬೆಕ್ಕು ಹೇಳ್ತು ಕಣೇ" ಅಂತ ಅವರು ಮತ್ತೆ ಕೆಲಸಕ್ಕೆ ತಲೆ ಬಗ್ಗಿಸುತ್ತಿದ್ದರು.

ಶನಿವಾರ ಶಾಲೆ ಬಿಟ್ಟ ಮೇಲೆ ಮೇಡಂ ಒಂದು ಕ್ಲಾಸು ನಡೆಸುತ್ತಿದ್ದರು. ಮುರಿದ ಬೆಂಚು, ಕಾಲಿಲ್ಲದ ಗ್ಲೋಬು, ಹಳೇ ಭೂಪಟಗಳನ್ನು ತುಂಬಿಟ್ಟಿದ್ದ ಕೋಣೆಯೇ ಅದಕ್ಕೆ ಜಾಗ. ಊರಿನ ಯಾವುದಾದರೂ ಒಂದು ಸಮಸ್ಯೆಯನ್ನು ಹಿಡಿದು, ಮಕ್ಕಳೇ ಮಾಹಿತಿ ಹುಡುಕಿ ತಂದು, ಪರ ವಿರೋಧ ವಾದ ಮಾಡಬೇಕು. ಆ ವರ್ಷ ಹನ್ನೊಂದು ಮಕ್ಕಳು ಸೇರಿದ್ದರು. ವಿಷಯ ಎದುರಿಗೇ ಇತ್ತು: ಶಾಲೆ ಮುಂದಿನ ಬೀದಿಯಲ್ಲಿ ಬೆಳಿಗ್ಗೆ ಒಂದು ಗಂಟೆ ಹೊತ್ತು, ಸಂಜೆ ಒಂದು ಗಂಟೆ ಹೊತ್ತು ವಾಹನ ಸಂಚಾರ ನಿಲ್ಲಿಸಬೇಕೇ ಬೇಡವೇ?

ಮೇಡಂ ಮನಸ್ಸಿನಲ್ಲಿ ಇದು ಪ್ರಶ್ನೆಯೇ ಆಗಿರಲಿಲ್ಲ. ಹಿಂದಿನ ವರ್ಷ ಮುಂದಿನ ಗೇಟಿನ ಹತ್ತಿರ ಮೂರನೇ ಕ್ಲಾಸಿನ ಮಗುವಿನ ಪಾದದ ಮೇಲೆ ವ್ಯಾನಿನ ಚಕ್ರ ಹತ್ತಿತ್ತು. ಮಗುವನ್ನು ಎತ್ತಿಕೊಂಡು ಆಸ್ಪತ್ರೆಗೆ ಓಡಿದ್ದು ಮೇಡಮ್ಮೇ. ಆ ಕೂಗು ಇನ್ನೂ ಅವರ ಕಿವಿಯಲ್ಲಿತ್ತು.

ಮೊದಲ ವಾರ ಹನ್ನೊಂದು ಮಕ್ಕಳೂ ಹನ್ನೊಂದು ಪ್ರಬಂಧ ತಂದರು. ಎಲ್ಲವೂ "ಇಂದಿನ ವೇಗದ ಯುಗದಲ್ಲಿ" ಅಂತಲೇ ಶುರು. ಒಬ್ಬನಂತೂ ಮೊಬೈಲಿನಿಂದ ಇಳಿಸಿಕೊಂಡ ಗಡಿಬಿಡಿಯಲ್ಲಿ "ಇನ್ನಷ್ಟು ಓದಿ" ಅನ್ನುವುದನ್ನೂ ಮುದ್ದಾಗಿ ಬರೆದು ಕೆಳಗೆ ಗೆರೆ ಎಳೆದಿದ್ದ.

"ಇನ್ನಷ್ಟು ಏನಪ್ಪಾ ಓದ್ಲಿ?" ಅಂತ ಮೇಡಂ ಕೇಳಿದರು.

"ಗೊತ್ತಿಲ್ಲ ಮೇಡಂ, ಅಷ್ಟೇ ಇತ್ತು."

ಮೇಡಂಗೆ ತಲೆ ಚಚ್ಚಿಕೊಳ್ಳುವ ಹಾಗಾಯಿತು. "ಮೊಬೈಲ್ ಮನೇಲಿಟ್ಟು ಬೀದಿಗೆ ಹೋಗ್ರೋ. ಎಷ್ಟು ಗಾಡಿ ಓಡಾಡ್ತವೆ ಅಂತ ಕೂತು ಎಣಿಸಿ" ಅಂದರು. ಮುಂದಿನ ವಾರ ಲೆಕ್ಕ ಬಂತು. ಸೋಮವಾರ ಮುನ್ನೂರು, ಮಂಗಳವಾರ ನಾನೂರು, ಬುಧವಾರ ಮುನ್ನೂರೈವತ್ತು. ಗಾಡಿಗಳು ಇಷ್ಟು ಶಿಸ್ತಾಗಿ ಸೊನ್ನೆಗೇ ಬಂದು ನಿಲ್ಲುತ್ತವೆಯೇ? ಗದರಿಸಿ ಕೇಳಿದ ಮೇಲೆ, ಎಣಿಸಲು ಹೋದವರು ಕ್ರಿಕೆಟ್ ಆಡಿ ಬಂದಿದ್ದು ಹೊರಬಿತ್ತು. ಅದಾದ ಮೇಲೆ ಮೇಡಂ ತಾವೇ ಟೈಲರ್ ಅಂಗಡಿಯ ಮೆಟ್ಟಿಲ ಮೇಲೆ ಅವರ ಜೊತೆ ಕೂತು, ಒಂದು ಗಾಡಿಗೆ ಒಂದು ಗೀಟು ಎಳೆಸಿದರು. ಬೆಳಗಿನ ಒಂದು ಗಂಟೆಯಲ್ಲಿ ಮುನ್ನೂರ ಹನ್ನೆರಡು.

ಆಮೇಲೆ ಚೀಟಿ ಎತ್ತಿಸಿ ಪಕ್ಷ ಹಂಚಿದರು. ಮಾರನೇ ಬೆಳಿಗ್ಗೆ ಔಷಧಿ ಅಂಗಡಿಯವರು ಬುಸುಗುಟ್ಟುತ್ತಾ ಬಂದರು. ಅವರ ಮಗಳಿಗೆ ವಿರೋಧದ ಪಕ್ಷ ಬಂದಿತ್ತು.

"ಏನ್ ಮೇಡಂ ಇದು? ಮಕ್ಕಳ ಜೀವ ಉಳಿಸೋದು ಬೇಡ ಅಂತ ನನ್ನ ಮಗಳ ಬಾಯಲ್ಲಿ ಹೇಳಿಸ್ತೀರಾ? ತಪ್ಪು ಪಕ್ಷ ಯಾಕೆ ಕೊಟ್ರಿ?"

"ಪಕ್ಷದಲ್ಲಿ ತಪ್ಪು ಸರಿ ಇರಲ್ಲ ಸಾರ್. ತಂದಿರೋ ಆಧಾರದಲ್ಲಿರುತ್ತೆ. ನಿಮ್ಮ ಅಂಗಡಿಗೆ ಬರೋರನ್ನೇ ಕೇಳಿ ನೋಡೋಕೆ ಹೇಳಿ."

ಬಾಯಿ ಮುಚ್ಚಿಸಲೆಂದು ಆಡಿದ ಮಾತು. ಆದರೆ ಹುಡುಗಿ ಅದನ್ನೇ ಗಟ್ಟಿಯಾಗಿ ಹಿಡಿದಳು. ನಿಧಾನದ ಹುಡುಗಿ, ಒಂದು ವಾಕ್ಯ ಮುಗಿಸುವಷ್ಟರಲ್ಲಿ ಬೇರೆಯವರು ಮೂರು ಹೇಳುತ್ತಿದ್ದರು. ಅಪ್ಪನ ಅಂಗಡಿಯ ಮೂಲೆಯಲ್ಲಿ ಸ್ಟೂಲು ಹಾಕಿಕೊಂಡು ಕೂತು ಬಂದವರನ್ನೆಲ್ಲಾ ಕೇಳಿದಳು. ಬೀದಿಯ ಒಳಗಿನ ಅಜ್ಜನೊಬ್ಬರು ವಾರಕ್ಕೆ ಮೂರು ದಿನ ಸರಿಯಾಗಿ ಅದೇ ಹೊತ್ತಿಗೆ ಡಯಾಲಿಸಿಸ್‌ಗೆ ಹೋಗುತ್ತಾರೆ ಅನ್ನುವುದು ಹಾಗೆ ಸಿಕ್ಕಿದ್ದು. ಆಮೇಲೆ ಇಬ್ಬರು ಗೆಳತಿಯರನ್ನು ಕಟ್ಟಿಕೊಂಡು, ಗಾಡಿ ಓಡಿಸುವ ಹದಿನೆಂಟು ಜನರನ್ನು ನಿಲ್ಲಿಸಿ, "ಈ ಬೀದಿ ಮುಚ್ಚಿದ್ರೆ ಎಲ್ಲಿಂದ ಹೋಗ್ತೀರಿ?" ಅಂತ ಕೇಳಿದಳು. ಹದಿನಾಲ್ಕು ಜನ ಹೇಳಿದ್ದು ಒಂದೇ: "ಶಾಲೆ ಹಿಂದಿನ ರಸ್ತೆಯಿಂದ."

ಆ ಹಿಂದಿನ ರಸ್ತೆಯಲ್ಲಿ ಎರಡು ಗಾಡಿ ಎದುರುಬದುರಾದರೆ ಒಂದು ಹಿಂದಕ್ಕೆ ಹೋಗಬೇಕು. ಒಂದನೇ, ಎರಡನೇ ಕ್ಲಾಸಿನ ಪುಟಾಣಿಗಳ ಗೇಟು ಇರುವುದು ಅಲ್ಲೇ.

ಮೇಡಂ ಹುಡುಗಿಯ ಹಾಳೆಯನ್ನು ಎರಡೆರಡು ಸಲ ಓದಿದರು. ಇಷ್ಟು ವರ್ಷದಲ್ಲಿ ಒಂದು ಮಗು ನಿಜವಾಗಿ ಹುಡುಕಿ ತಂದಿದೆ. ತಂದದ್ದು ತಮಗೆ ಬೇಡವಾದದ್ದು!

ಅದೇ ಹೊತ್ತಿಗೆ ಹೆಡ್‌ಮಾಸ್ಟರ್ ಕರೆಸಿದರು. "ವಾದ ನೋಡೋಕೆ ವಾರ್ಡಿನ ಸದಸ್ಯರೇ ಬರ್ತಾರಂತೆ ಮೇಡಂ. ಬೀದಿ ಮುಚ್ಚೋ ವಿಷಯ ಅಲ್ಲೇ ಘೋಷಣೆ ಮಾಡ್ತಾರೆ. ಫೋಟೋದವರೂ ಇರ್ತಾರೆ. ವಿರೋಧದ ಮಕ್ಕಳು ಸ್ವಲ್ಪ ಮೆತ್ತಗಿರ್ಲಿ."

"ವಾದ ಅಂದ್ಮೇಲೆ ವಾದ ಸಾರ್. ಯಾರನ್ನೂ ಮೆತ್ತಗೆ ಮಾಡಲ್ಲ" ಅಂತ ಮೇಡಂ ಖಡಾಖಂಡಿತ ಹೇಳಿ ಬಂದರು. ಹೇಳಿ ಬಂದವರೇ, ಮಾರನೇ ದಿನ ಹುಡುಗಿಯ ಹಾಳೆ ಕೈಗೆತ್ತಿಕೊಂಡರು. ಹಿಂದಿನ ರಸ್ತೆಯ ಮಾತು ಎಲ್ಲಕ್ಕಿಂತ ಮೇಲಿತ್ತು. ಕೆಂಪು ಪೆನ್ಸಿಲಿನಲ್ಲಿ ಅದಕ್ಕೊಂದು ಬಾಣ ಎಳೆದು ಕೆಳಗೆ ತಂದರು.

"ಮೊದ್ಲು ಅಂಗಡಿಯವರ ವ್ಯಾಪಾರ, ಆಮೇಲೆ ಅಜ್ಜನ ವಿಷಯ. ಇದನ್ನ ಕೊನೇಲಿ ಹೇಳಮ್ಮ. ಟೈಮ್ ಇದ್ರೆ."

ಹುಡುಗಿ ಒಂದು ಕ್ಷಣ ಮೇಡಂ ಮುಖವನ್ನೇ ನೋಡಿ, "ಆಯ್ತು ಮೇಡಂ" ಅಂದಳು.

ಹೆಡ್‌ಮಾಸ್ಟರ್ ಹೇಳಿದರೆಂದು ಮಾಡಿದ್ದಲ್ಲ, ಆ ಮಗುವಿನ ಪಾದಕ್ಕಾಗಿ ಮಾಡಿದ್ದು ಅಂತ ಮೇಡಂ ತಮಗೆ ತಾವೇ ಸಮಾಧಾನ ಹೇಳಿಕೊಂಡರು. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ ಅನ್ನುವ ಗಾದೆ ನೆನಪಾದರೂ ನೆನಪಾಗದವರ ಹಾಗಿದ್ದರು.

ವಾದದ ದಿನ ಒಬ್ಬೊಬ್ಬರಿಗೆ ನಾಲ್ಕು ನಿಮಿಷ. ಹುಡುಗಿ ಅಂಗಡಿಗಳ ವಿಷಯ ಹೇಳಿದಳು, ಅಜ್ಜನ ವಿಷಯ ಹೇಳಿದಳು. "ಇನ್ನು ಹಿಂದಿನ ರಸ್ತೆ..." ಅನ್ನುವಷ್ಟರಲ್ಲಿ ಗಂಟೆ ಹೊಡೆಯಿತು. ನಮಸ್ಕಾರ ಹೇಳಿ ಕೂತಳು. ಪರದ ಪಕ್ಷ ಗೆದ್ದಿತು. ಬೀದಿ ಮುಚ್ಚುತ್ತೇವೆ, ಡಯಾಲಿಸಿಸ್‌ಗೆ ಹೋಗುವ ಅಜ್ಜನ ಗಾಡಿಗೆ ಮಾತ್ರ ವಿನಾಯಿತಿ ಅಂತ ಸದಸ್ಯರು ದೊಡ್ಡ ಮನಸ್ಸು ಮಾಡಿ ಘೋಷಿಸಿದರು. ಚಪ್ಪಾಳೆ, ಫೋಟೋ ಎಲ್ಲ ಆಯಿತು. ಮೇಡಂ ಹಿಂದಿನ ಸಾಲಿನಲ್ಲಿ ಕೂತು ಕರ್ಚೀಫನ್ನು ಹಿಂಡುತ್ತಿದ್ದರು.

ಬೀದಿ ಮುಚ್ಚಿದ ಮೂರನೇ ವಾರ, ಹಿಂದಿನ ರಸ್ತೆಯಲ್ಲಿ ಎದುರು ಬಂದ ಕಾರಿಗೆ ದಾರಿ ಬಿಡಲು ಹಾಲಿನ ವ್ಯಾನೊಂದು ಹಿಂದಕ್ಕೆ ಬಂದು ಗೇಟಿನ ಕಂಬಕ್ಕೆ ಗುದ್ದಿತು. ಕಂಬದ ಸಮೇತ ಗೇಟು ಒಳಕ್ಕೆ ಬಿತ್ತು. ಪುಣ್ಯಕ್ಕೆ ಮಕ್ಕಳ ಸಾಲು ಆಗ ತಾನೇ ಒಳಗೆ ಹೋಗಿತ್ತು. ಗೇಟು ಹಾಕಲು ನಿಂತಿದ್ದ ಆಯಾಳ ಮಣಿಕಟ್ಟು ಮುರಿಯಿತು. ಆಸ್ಪತ್ರೆಯಲ್ಲಿ ಆಕೆ, "ಬಿಡಿ ಮೇಡಂ, ಎಡಗೈ ತಾನೇ" ಅಂದಾಗ ಮೇಡಂಗೆ ಅಲ್ಲಿ ನಿಲ್ಲಲಾಗಲಿಲ್ಲ.

ಆ ರಾತ್ರಿ ಊಟ ಸೇರಲಿಲ್ಲ. ಯಜಮಾನರಿಗೆ ಎಲ್ಲ ಹೇಳಿದರು. ಅವರು ತಮಾಷೆ ಮಾಡಲಿಲ್ಲ. "ನನಗೆ ಹೇಳಿ ಏನು ಪ್ರಯೋಜನ? ಹೇಳಬೇಕಾದೋರಿಗೆ ಹೇಳು" ಅಂದರು ಅಷ್ಟೇ.

ಶನಿವಾರ ಮೇಡಂ ಮಕ್ಕಳ ಮುಂದೆ ನಿಂತರು. ಕುರ್ಚಿಯಲ್ಲಿ ಕೂತು ಹೇಳಲು ಮನಸ್ಸಾಗಲಿಲ್ಲ. ಔಷಧಿ ಅಂಗಡಿಯವರ ಮಗಳನ್ನು ನೋಡುತ್ತಾ ಹೇಳಿದರು:

"ಅವತ್ತು ನಿನ್ನ ಮಾತನ್ನ ನಾನು ಕೊನೆಗೆ ಹಾಕಿದ್ದು ಬೇಕು ಅಂತಲೇ. ಟೈಮ್ ಸಾಲಲ್ಲ ಅಂತ ನನಗೆ ಗೊತ್ತಿತ್ತು. ನನಗೆ ಬೇಕಾದ ಪಕ್ಷ ಗೆಲ್ಲಲಿ ಅಂತ ಹಾಗೆ ಮಾಡಿದೆ. ತಪ್ಪಾಯ್ತು."

ಹುಡುಗಿ ಎದ್ದು ನಿಂತು ತನ್ನ ನಿಧಾನದಲ್ಲೇ ಹೇಳಿದಳು: "ನನಗೂ ಗೊತ್ತಿತ್ತು ಮೇಡಂ. ಮನೇಲಿ ಟೈಮ್ ಇಟ್ಕೊಂಡು ಓದಿ ನೋಡಿದ್ದೆ. ಐದೂವರೆ ನಿಮಿಷ ಬರ್ತಿತ್ತು."

"ಮತ್ತೆ ಯಾಕಮ್ಮ ನನ್ನ ಕೇಳ್ಲಿಲ್ಲ?"

"ನೀವು ಮೇಡಂ ಅಲ್ವಾ?"

ಬೈದಿದ್ದರೂ ಇಷ್ಟು ಚುಚ್ಚುತ್ತಿರಲಿಲ್ಲ. ಇಪ್ಪತ್ತೆರಡು ವರ್ಷ ಗಂಟಲು ಹರಿದುಕೊಂಡು ಕಲಿಸಿದ್ದು ಇದೇನಾ? ಎಲ್ಲರನ್ನೂ ಪ್ರಶ್ನೆ ಮಾಡಿ, ನನ್ನೊಬ್ಬಳನ್ನು ಬಿಟ್ಟು ಅಂತ? ಸಿಟ್ಟು ಬಂತು. ಯಾರ ಮೇಲೆ ಅಂತ ನೋಡಿದರೆ ತಮ್ಮನ್ನು ಬಿಟ್ಟು ಬೇರೆ ಯಾರೂ ಸಿಗಲಿಲ್ಲ.

ಮಕ್ಕಳು ಮತ್ತೆ ಎಣಿಸಿದರು. ವಾದಕ್ಕೆ ಮುಂಚೆ ಹುಡುಗಿ ಎಣಿಸಿಟ್ಟುಕೊಂಡ ಪ್ರಕಾರ ಹಿಂದಿನ ರಸ್ತೆಯಲ್ಲಿ ಬೆಳಿಗ್ಗೆ ನಲವತ್ತೊಂದು ಗಾಡಿ ಇದ್ದದ್ದು ಈಗ ಇನ್ನೂರ ಅರವತ್ತು ದಾಟಿತ್ತು. ಹಿಂದಿನ ರಸ್ತೆಗೂ ಏನಾದರೂ ವ್ಯವಸ್ಥೆ ಮಾಡಿ ಅಂತ ಎಲ್ಲ ಸೇರಿ ಪುರಸಭೆಗೆ ಪತ್ರ ಬರೆದರು. ಪರದ ಪಕ್ಷದವರೂ ಸಹಿ ಹಾಕಿದರು. ಔಷಧಿ ಅಂಗಡಿಯವರು ಜೆರಾಕ್ಸ್ ಮಾಡಿಸಿಕೊಟ್ಟರು. "ಶಾಲೆ ಮರ್ಯಾದೆ ಬೀದಿಗೆ ತಂದ್ರಿ" ಅಂತ ಹೆಡ್‌ಮಾಸ್ಟರ್ ಮುಖ ಊದಿಸಿಕೊಂಡರು. ಮೇಡಂ ಪುರಸಭೆಯ ಮೆಟ್ಟಿಲನ್ನು ನಾಲ್ಕು ಸಲ ಹತ್ತಿದರು. ಒಂದು ಸಲ ಗುಮಾಸ್ತರು ಊಟಕ್ಕೆ ಹೋಗಿದ್ದರು, ಒಂದು ಸಲ ಫೈಲು ಊಟಕ್ಕೆ ಹೋದ ಹಾಗೆ ಕಾಣೆಯಾಗಿತ್ತು. ನಾಲ್ಕನೇ ಸಲ, "ಇಂಜಿನಿಯರ್ ಸ್ಥಳಕ್ಕೆ ಹೋಗಿ ನೋಡ್ತಾರೆ, ಹೋಗಮ್ಮ" ಅಂದರು.

ಎರಡು ತಿಂಗಳಿಗೆ ವರದಿ ಬಂತು. ಇಂಜಿನಿಯರ್ ಹಿಂದಿನ ರಸ್ತೆಯಲ್ಲಿ ಹದಿನೈದು ನಿಮಿಷ ನಿಂತಿದ್ದರಂತೆ. ಹಾದುಹೋದ ವಾಹನ ನಾಲ್ಕು. "ಸಂಚಾರ ವಿರಳವಾಗಿದ್ದು ಯಾವುದೇ ಕ್ರಮದ ಅಗತ್ಯವಿರುವುದಿಲ್ಲ."

ಮೇಡಂ ಕಾಗದವನ್ನು ಬೆಂಚಿನ ಮೇಲೆ ಕುಕ್ಕಿದರು. ಮಕ್ಕಳು ಮುತ್ತಿಕೊಂಡು ಓದಿದರು. ಒಬ್ಬ ತಾರೀಕಿನ ಮೇಲೆ ಬೆರಳಿಟ್ಟ, ಇನ್ನೊಬ್ಬಳು ಆಫೀಸಿಗೆ ಓಡಿ ಕ್ಯಾಲೆಂಡರ್ ನೋಡಿ ಬಂದಳು.

"ಭಾನುವಾರ ಮೇಡಂ! ಇವ್ರು ಬಂದಿರೋದು ಭಾನುವಾರ!"

ಕೋಣೆಯಲ್ಲಿ ಗದ್ದಲವೋ ಗದ್ದಲ. ಮೇಡಂ ಸುಮ್ಮನಿರಿಸಲಿಲ್ಲ. ಎರಡನೇ ಪತ್ರವನ್ನು ಮಕ್ಕಳೇ ಬರೆದರು. ಮೇಡಂ ಕಾಗುಣಿತ ಬಿಟ್ಟು ಬೇರೇನನ್ನೂ ಮುಟ್ಟಲಿಲ್ಲ. ಅದಕ್ಕೆ ಇನ್ನೂ ಉತ್ತರವಿಲ್ಲ. ಬೀದಿ ಮುಚ್ಚಿಯೇ ಇದೆ, ಹಿಂದಿನ ರಸ್ತೆ ತುಂಬಿಯೇ ಇದೆ. ಆಯಾಳ ಕೈ ಪೂರ್ತಿ ಸರಿಹೋಗಿಲ್ಲವಾದ್ದರಿಂದ ದಿನಾ ಬೆಳಿಗ್ಗೆ ಎಂಟರಿಂದ ಒಂಬತ್ತರವರೆಗೆ ಹೊಸ ಗೇಟಿನ ಮುಂದೆ ಮೂಲ ಮೇಡಮ್ಮೇ ಸೀಟಿ ಊದುತ್ತಾ ನಿಲ್ಲುತ್ತಾರೆ. ಮಂಡಿ ನೋಯುತ್ತದೆ, ಡ್ರೈವರುಗಳು ಗೊಣಗುತ್ತಾರೆ. ಔಷಧಿ ಅಂಗಡಿಯವರು ಅಂಗಡಿ ತೆರೆಯುವ ಮುಂಚೆ ಬಂದು, ರಸ್ತೆಯ ಆ ತುದಿಯಲ್ಲಿ ಕೈ ಅಡ್ಡ ಹಿಡಿದು ನಿಂತಿರುತ್ತಾರೆ.